ಹೆಲಿಕಾಪ್ಟರ್‌ನಿಂದ ಹಳ್ಳಿ ಲೈನ್ ತಪಾಸಣೆ: ಏನು ಕಾಣುತ್ತೆ, ಏನು ಕಾಣಲ್ಲ

(ಎಲೆಕ್ಟ್ರಿಕಲ್ ವಿದ್ಯಾರ್ಥಿಗಳು ಮತ್ತು ಲೈನ್ ಕೆಲಸದಲ್ಲಿರುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಲೈನ್ ಅಂದರೆ ಏನು ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಪೀಠಿಕೆ ಬಿಟ್ಟು ಒಂದು ತಂತಿಯ ವಿಷಯದಿಂದಲೇ ಶುರು ಮಾಡುತ್ತೇನೆ.

2009ರ ಫೆಬ್ರವರಿ 7, ಶನಿವಾರ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ. ಫೆಬ್ರವರಿ ಅಂದರೆ ಅಲ್ಲಿ ಬೇಸಿಗೆ. ಅವತ್ತು ಮೆಲ್ಬರ್ನ್‌ನಲ್ಲಿ 46.4 ಡಿಗ್ರಿ ಬಿಸಿಲು. ಜೊತೆಗೆ ಬಿರುಗಾಳಿ. ಮಧ್ಯಾಹ್ನ ಹನ್ನೆರಡಕ್ಕೆ ಸ್ವಲ್ಪ ಮುಂಚೆ, ಮೆಲ್ಬರ್ನ್‌ನ ಉತ್ತರಕ್ಕಿರುವ ಕಿಲ್‌ಮೋರ್ ಈಸ್ಟ್ ಅನ್ನೋ ಕಡೆ, ಕಣಿವೆಗೆ ಅಡ್ಡಲಾಗಿ ಎಳೆದಿದ್ದ ತಂತಿಯೊಂದು ತುಂಡಾಯಿತು. ಪೆಂಟಡೀನ್ ಸ್ಪರ್ ಅನ್ನೋದು ಆ ಲೈನಿನ ಹೆಸರು. ಮುಖ್ಯ ಲೈನಿನಿಂದ ಒಡೆದ ಸಣ್ಣ ಕವಲು ಅದು. ತುಂಡಾದ ತಂತಿಯಲ್ಲಿ ಇನ್ನೂ ಕರೆಂಟ್ ಇತ್ತು. ಅದು ಕಂಬವನ್ನು ಬಿಗಿಯಾಗಿ ಹಿಡಿದಿಡುವ ಸ್ಟೇ ತಂತಿಗೆ ತಗುಲಿತು, ಕಿಡಿ ಹಾರಿತು, ಕೆಳಗಿದ್ದ ಒಣಹುಲ್ಲು ಹತ್ತಿಕೊಂಡಿತು. ಆ ಒಂದು ಬೆಂಕಿಗೆ 119 ಜನ ಬಲಿಯಾದರು. ಅವತ್ತಿನ ಬೆಂಕಿಗಳೆಲ್ಲ ಸೇರಿ 173 ಜನ. ಅಲ್ಲಿಯವರು ಆ ದಿನವನ್ನು ‘ಬ್ಲ್ಯಾಕ್ ಸ್ಯಾಟರ್‌ಡೇ’ ಅನ್ನುತ್ತಾರೆ.

ತನಿಖೆಗೆ ಸರ್ಕಾರ ರಾಯಲ್ ಕಮಿಷನ್ ಅನ್ನೋ ಆಯೋಗ ನೇಮಿಸಿತು. ಬರ್ನಾರ್ಡ್ ಟೀಗ್ ಅದರ ಅಧ್ಯಕ್ಷರು. 2010ರ ಜುಲೈನಲ್ಲಿ ಅಂತಿಮ ವರದಿ ಬಂತು. ಲೈನಿಗೆ ಸಂಬಂಧಪಟ್ಟ ಯಾರೇ ಆಗಲಿ, ಆ ವರದಿಯಲ್ಲಿ ವಿದ್ಯುತ್ ಬಗ್ಗೆ ಇರುವ ಅಧ್ಯಾಯವನ್ನು ಓದಲೇಬೇಕು. ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತೆ. ಯಾಕಂದರೆ ಕಾರಣ ಅಷ್ಟು ಚಿಕ್ಕದು.

ಆ ತಂತಿಯ ಒಂದು ಸ್ಪ್ಯಾನ್, ಅಂದರೆ ಎರಡು ಕಂಬಗಳ ನಡುವಿನ ಭಾಗ, 1 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ. ಕಲಾಯಿ ಹಾಕಿದ ಉಕ್ಕಿನ ಮೂರೇ ಎಳೆ. ಲೈನಿಗೆ 43 ವರ್ಷ ವಯಸ್ಸಾಗಿತ್ತು. ತಂತಿಯ ತುದಿಯನ್ನು ಕಂಬಕ್ಕೆ ಹಿಡಿಸಲು ಸುರುಳಿಯಾಗಿ ಸುತ್ತುವ ಒಂದು ಹಿಡಿತ ಇರುತ್ತೆ. ಅದರ ಬಾಗಿದ ಭಾಗ ಥಿಂಬಲ್ ಅನ್ನೋ ಸಣ್ಣ ಲೋಹದ ತುಂಡಿನ ತೋಡಿನಲ್ಲಿ ಸರಿಯಾಗಿ ಕೂರಬೇಕು. ಇಲ್ಲಿ ಅದು ಕೂತಿರಲಿಲ್ಲ, ಪಕ್ಕಕ್ಕೆ ಜಾರಿತ್ತು. ಹಾಗಾಗಿ ಎಳೆತ ಓರೆಯಾಗಿ ಬೀಳುತ್ತಿತ್ತು. ಆ ಹಿಡಿತದ ಹತ್ತಿರವೇ ತಂತಿಯ ಎಳೆಗಳು ದಣಿದು, ಬಿರುಕು ಬಿಟ್ಟು, ಕೊನೆಗೆ ಹರಿದವು.

ದಣಿಯೋದು ಅಂದರೆ ಏನು? ಬಿರುಗಾಳಿಗಿಂತ ಮಂದವಾಗಿ ಒಂದೇ ಸಮ ಬೀಸುವ ಗಾಳಿ ತಂತಿಗೆ ಜಾಸ್ತಿ ಕಾಟ ಕೊಡುತ್ತೆ. ಗಾಳಿ ತಂತಿಯನ್ನು ದಾಟುವಾಗ ಹಿಂದುಗಡೆ ಒಮ್ಮೆ ಮೇಲೆ ಒಮ್ಮೆ ಕೆಳಗೆ ಸುಳಿ ಏಳುತ್ತೆ. ಸೆಕೆಂಡಿಗೆ 3 ಮೀಟರ್ ವೇಗದ ಗಾಳಿ, 6 ಮಿಲಿಮೀಟರ್ ದಪ್ಪದ ತಂತಿ ಅಂದುಕೊಳ್ಳಿ. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 100 ಸಲ ತಂತಿ ನಡುಗುತ್ತೆ. ಕಣ್ಣಿಗೆ ಕಾಣಲ್ಲ, ಕಂಬಕ್ಕೆ ಕಿವಿಯಿಟ್ಟರೆ ಗುಂಯ್ ಅಂತ ಕೇಳುತ್ತೆ. ಆ ನಡುಕವೆಲ್ಲ ತಂತಿ ಹಿಡಿತದೊಳಗೆ ಹೋಗುವ ಜಾಗಕ್ಕೆ ಬಂದು ನಿಲ್ಲುತ್ತೆ. ವರ್ಷಗಟ್ಟಲೆ.

ಈಗ ನಮ್ಮ ವಿಷಯಕ್ಕೆ ಹತ್ತಿರದ ಮಾತು. ಆ ಲೈನಿನ ತಪಾಸಣೆ ಅದಕ್ಕೆ ಒಂದು ವರ್ಷ ಮುಂಚೆ, 2008ರ ಫೆಬ್ರವರಿಯಲ್ಲಿ ಆಗಿತ್ತು. ಥಿಂಬಲ್‌ನಿಂದ ಜಾರಿದ್ದ ಹಿಡಿತ ತಪಾಸಣೆ ಮಾಡಿದವರ ಗಮನಕ್ಕೆ ಬರಲಿಲ್ಲ. ಅಂದರೆ ತಪಾಸಣೆ ಆಗಿತ್ತು. ರಿಜಿಸ್ಟರ್‌ನಲ್ಲಿ ಟಿಕ್ ಬಿದ್ದಿತ್ತು. ಅವತ್ತು ಹೊತ್ತಿದ 11 ದೊಡ್ಡ ಬೆಂಕಿಗಳಲ್ಲಿ 5 ಬೆಂಕಿಗೆ ವಿದ್ಯುತ್ ಲೈನಿನ ದೋಷವೇ ಕಾರಣ ಅಂತ ಕಮಿಷನ್ ಹೇಳಿತು. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ: ಲೈನ್ ಯಾವ ಜಾಗದಲ್ಲಿ ಕೈಕೊಡುತ್ತೆ ಅನ್ನೋದನ್ನು ಮೊದಲು ತಿಳಿದುಕೊಂಡು, ಆ ಜಾಗ ಕಾಣುವ ಹಾಗೆ ತಪಾಸಣೆ ಮಾಡಬೇಕು. ಹೆಲಿಕಾಪ್ಟರ್ ಆಗಲಿ, ಏಣಿ ಆಗಲಿ, ಡ್ರೋನ್ ಆಗಲಿ, ಎಲ್ಲವನ್ನೂ ಈ ಒಂದು ಪ್ರಶ್ನೆ ಇಟ್ಟುಕೊಂಡೇ ಅಳೆಯಬೇಕು.

ಇಷ್ಟೊಂದು ಉದ್ದದ ಒಂಟಿ ತಂತಿ ಅಲ್ಲಿ ಯಾಕಿದೆ ಅಂತ ನಿಮಗೆ ಅನ್ನಿಸಿರಬಹುದು. ನಮ್ಮಲ್ಲಿ 11 ಕೆ.ವಿ. (11 ಸಾವಿರ ವೋಲ್ಟ್) ಲೈನ್ ಅಂದರೆ ಮೂರು ತಂತಿ. ಅಲ್ಲಿ ತೋಟದ ಮನೆಗಳ ನಡುವೆ ಮೈಲಿಗಟ್ಟಲೆ ದೂರ. ಒಂದೊಂದು ಮನೆಗೂ ಮೂರು ತಂತಿ ಎಳೆಯುತ್ತಾ ಹೋದರೆ ಖರ್ಚು ಹುಟ್ಟಲ್ಲ. ನ್ಯೂಜಿಲೆಂಡಿನ ಲಾಯ್ಡ್ ಮ್ಯಾಂಡೆನೊ ಅನ್ನೋ ಎಂಜಿನಿಯರ್ 1920ರ ದಶಕದಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಒಂದೇ ತಂತಿ, ವಾಪಸ್ ಬರುವ ದಾರಿ ಭೂಮಿ. ಇದಕ್ಕೆ ಸ್ವೆರ್ ಲೈನ್ ಅನ್ನುತ್ತಾರೆ. ಉಕ್ಕಿನ ತಂತಿಯಾದ್ದರಿಂದ ಗಟ್ಟಿಯಾಗಿ ಬಿಗಿದು ದೂರ ದೂರಕ್ಕೆ ಕಂಬ ನೆಡಬಹುದು. ಕ್ರಾಸ್ ಆರ್ಮ್ (ಕಂಬದ ಅಡ್ಡತೋಳು) ಬೇಡ, ತಂತಿಯ ಕರೆಂಟ್ ಕಂಬಕ್ಕೆ ಇಳಿಯದಂತೆ ತಡೆಯುವ ಇನ್ಸುಲೇಟರ್ ಕಂಬದ ನೆತ್ತಿಯ ಮೇಲೆ ಒಂದೇ ಸಾಕು. ವಿಕ್ಟೋರಿಯಾದಲ್ಲಿ ಇದು 12.7 ಕೆ.ವಿ.ಯಲ್ಲಿ ನಡೆಯುತ್ತೆ. ಕಮಿಷನ್ ವರದಿಯ ಹೊತ್ತಿಗೆ ಅಂಥ ಲೈನ್ ಸುಮಾರು 28,000 ಕಿಲೋಮೀಟರ್ ಇತ್ತು. ಒಳ್ಳೆಯ ಎಂಜಿನಿಯರಿಂಗ್ ಇದು, ನಾನಂತೂ ಗೌರವದಿಂದಲೇ ನೋಡುತ್ತೇನೆ. ರೈತರ ಮನೆಗೆ ಬೆಳಕು ತಂದದ್ದು ಇದೇ ತಂತಿ.

ಆದರೆ ಈ ಲೈನನ್ನು ಕಾಯೋದು ಹೇಗೆ? ಲೈನ್ ಗುಡ್ಡ ಹತ್ತಿ ಇಳಿಯುತ್ತೆ, ಕಾಡು ಹೊಗುತ್ತೆ, ಹೊಳೆ ದಾಟುತ್ತೆ. ಪ್ರತಿ ಜಮೀನಿಗೂ ಗೇಟು, ಬೇಲಿ, ಅಪ್ಪಣೆ. ಜೀಪಿನಲ್ಲಿ ದಿನವಿಡೀ ತಿರುಗಿದರೂ ಮುಗಿಯೋದು ಸ್ವಲ್ಪ ದೂರ. ಬೇಸಿಗೆಯ ಬೆಂಕಿ ದಿನಗಳು ಶುರುವಾಗುವ ಮುಂಚೆ ಸಾವಿರಾರು ಕಿಲೋಮೀಟರ್ ಮುಗಿಯಬೇಕು. ಅದಕ್ಕೇ ಹೆಲಿಕಾಪ್ಟರ್ ಬಂತು.

ಈ ಹಾರಾಟ ಹೇಗಿರುತ್ತೆ ಅಂತ ಹೇಳುತ್ತೇನೆ. ಸಾಮಾನ್ಯವಾಗಿ ಒಂದೇ ಎಂಜಿನಿನ ಸಣ್ಣ ಹೆಲಿಕಾಪ್ಟರ್. ಒಬ್ಬ ಪೈಲಟ್, ಒಬ್ಬ ಅಬ್ಸರ್ವರ್, ಕೆಲವು ಸಲ ಕ್ಯಾಮೆರಾ ನೋಡಿಕೊಳ್ಳಲು ಇನ್ನೊಬ್ಬರು. ಲೈನಿನ ನೇರ ಮೇಲೆ ಹಾರಲ್ಲ. ಒಂದು ಪಕ್ಕದಲ್ಲಿ, ಕಂಬದ ತುದಿಗಿಂತ ಸ್ವಲ್ಪ ಎತ್ತರದಲ್ಲಿ, ಅಬ್ಸರ್ವರ್ ಕೂತ ಕಡೆಗೆ ಲೈನ್ ಬರುವ ಹಾಗೆ ಹಾರುತ್ತಾರೆ. ಪೈಲಟ್ ಲೈನಿನ ದೋಷ ಹುಡುಕುವ ಹಾಗಿಲ್ಲ. ಅವರ ಕಣ್ಣೆಲ್ಲ ಮುಂದಿನ ದಾರಿಯ ಮೇಲೆ. ಅಬ್ಸರ್ವರ್ ದಾರಿ ನೋಡಬೇಕಾಗಿಲ್ಲ, ಅವರ ಕಣ್ಣೆಲ್ಲ ಕಂಬದ ಮೇಲೆ. ಆದರೆ ಅಡ್ಡ ಲೈನ್ ಕಂಡರೆ ಇಬ್ಬರೂ ಬಾಯಿಬಿಟ್ಟು ಹೇಳಲೇಬೇಕು, ಇನ್ನೊಬ್ಬರು ‘ಕಂಡಿತು’ ಅನ್ನಲೇಬೇಕು. ಸುಮ್ನೆ ತಲೆ ಆಡಿಸಿದರೆ ಸಾಲದು.

ಒಳ್ಳೆಯ ಅಬ್ಸರ್ವರ್ ಏನು ನೋಡುತ್ತಾರೆ? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮರದ ಕ್ರಾಸ್ ಆರ್ಮ್ ತಗೊಳ್ಳಿ. ಮಳೆ ನೀರು ನಿಲ್ಲೋದು ಅದರ ಮೇಲ್ಮೈಯಲ್ಲಿ. ಕೊಳೆಯೋದೂ ಅಲ್ಲಿಂದಲೇ. ಕೆಳಗೆ ನಿಂತು ಎಷ್ಟೇ ಒಳ್ಳೆಯ ಬೈನಾಕ್ಯುಲರ್ ಹಿಡಿದರೂ ನಿಮಗೆ ಕಾಣೋದು ಅದರ ಹೊಟ್ಟೆ, ಬೆನ್ನು ಕಾಣಲ್ಲ. ಮೇಲಿನಿಂದ ನೋಡಿದರೆ ಬೆನ್ನಿನ ಉದ್ದಕ್ಕೂ ಬಾಯಿಬಿಟ್ಟ ಸೀಳು ಕಾಣುತ್ತೆ. ಬೋಲ್ಟ್ ಪಕ್ಕದಲ್ಲಿ ಇಳಿದ ತುಕ್ಕಿನ ಕೆಂಪು ಗೆರೆ ಕಾಣುತ್ತೆ. ಇನ್ಸುಲೇಟರಿನ ಪಿನ್ ಮರದೊಳಗೆ ಹೋಗುವ ಕಡೆ ಸುತ್ತಲೂ ಕಪ್ಪಗೆ ಸುಟ್ಟ ಕಲೆ ಇದ್ದರೆ, ಅಲ್ಲಿ ಕರೆಂಟ್ ಸೋರುತ್ತಿದೆ ಅಂತ ಅರ್ಥ. ತಿಂಗಳುಗಟ್ಟಲೆ ಮಳೆಯಿಲ್ಲದೆ ಇನ್ಸುಲೇಟರ್ ಮೇಲೆ ಧೂಳು ಕೂತಿರುತ್ತೆ. ಮೊದಲ ತುಂತುರು ಬಿದ್ದಾಗ ಆ ಧೂಳು ಒದ್ದೆಯಾಗಿ ಕರೆಂಟಿಗೆ ದಾರಿ ಕೊಡುತ್ತೆ. ಆಗ ಕಂಬದ ತುದಿಯೇ ಹೊತ್ತಿಕೊಳ್ಳುತ್ತೆ. ಜೋರು ಮಳೆ ಬಂದರೆ ಧೂಳೆಲ್ಲ ತೊಳೆದು ಹೋಗುತ್ತೆ, ತೊಂದರೆ ಇಲ್ಲ. ತುಂತುರೇ ಅಪಾಯ. ಕಪ್ಪು ಕಲೆಯನ್ನು ಬೇಸಿಗೆಗೆ ಮುಂಚೆ ಹಿಡಿದರೆ ಆ ಕಂಬ ಉಳಿಯುತ್ತೆ.

ಇದಲ್ಲದೆ ಸಡಿಲವಾದ ಬೈಂಡಿಂಗ್ ವೈರ್, ಒಡೆದ ಇನ್ಸುಲೇಟರ್, ಬಿದ್ದುಹೋದ ಪಿನ್, ಹಕ್ಕಿ ಗೂಡು, ವಾಲಿದ ಕಂಬ. ಕಂಡದ್ದಕ್ಕೆಲ್ಲ ಕಂಬದ ನಂಬರ್, ಫೋಟೋ, ಜಿ.ಪಿ.ಎಸ್. ಜಾಗ ಬರೆದುಕೊಂಡು, ತಕ್ಷಣ ಮಾಡಬೇಕಾದ್ದು ಯಾವುದು, ಬೇಸಿಗೆಗೆ ಮುಂಚೆ ಮಾಡಬೇಕಾದ್ದು ಯಾವುದು ಅಂತ ಗುರುತು ಹಾಕುತ್ತಾರೆ. ತೀರಾ ಕೆಟ್ಟದ್ದು ಕಂಡರೆ ಹೆಲಿಕಾಪ್ಟರ್‌ನಿಂದಲೇ ಕಂಟ್ರೋಲ್ ರೂಮಿಗೆ ರೇಡಿಯೋ ಮಾಡುತ್ತಾರೆ.

ಈಗ ಬ್ಲ್ಯಾಕ್ ಸ್ಯಾಟರ್‌ಡೇಯ ಆ ಐದು ಬೆಂಕಿಗಳಿಗೆ ವಾಪಸ್ ಹೋಗೋಣ. ಒಂದೊಂದನ್ನೂ ಎದುರಿಗಿಟ್ಟುಕೊಂಡು ಕೇಳೋಣ: ಚೆನ್ನಾಗಿ ಮಾಡಿದ ಹೆಲಿಕಾಪ್ಟರ್ ತಪಾಸಣೆ ಇದನ್ನು ಹಿಡಿಯುತ್ತಿತ್ತಾ?

ಹಾರ್ಶಮ್ ಬೆಂಕಿಯಲ್ಲಿ ಕಂಬದ ನೆತ್ತಿಯ ಟೋಪಿಯಂಥ ಭಾಗ ಕಳಚಿ ತಂತಿ ಕೆಳಗೆ ಬಂತು. ಅದನ್ನು ಹಿಡಿದಿದ್ದ ಸ್ಕ್ರೂಗಳು ಸಡಿಲವಾಗಿದ್ದವು. ಕಂಬದ ತುದಿ ಅದು, ಮೇಲಿನಿಂದ ನೋಡಬೇಕಾದ ಜಾಗವೇ. ಟೋಪಿ ಸ್ವಲ್ಪ ಎದ್ದಿದ್ದರೂ ಹತ್ತಿರದ ಫೋಟೋದಲ್ಲಿ ಕಾಣುವ ಸಾಧ್ಯತೆ ಜಾಸ್ತಿ. ಕೋಲ್‌ರೇನ್ ಬೆಂಕಿಯಲ್ಲಿ ತಂತಿಯನ್ನು ಇನ್ಸುಲೇಟರಿಗೆ ಕಟ್ಟಿದ್ದ ಬೈಂಡಿಂಗ್ ವೈರ್ ತುಂಡಾಯಿತು. ಸವೆದು ಸಡಿಲವಾದ ಬೈಂಡಿಂಗ್ ಕಾಣುತ್ತೆ. ಆದರೆ ಒಳಗಡೆ ಸವೆದು ಹೊರಗೆ ಸರಿಯಾಗಿಯೇ ಇದ್ದರೆ ಕಷ್ಟ. ಪೊಂಬರ್ನೀಟ್ ಕಡೆ ತಂತಿಗೆ ತಂತಿ ಬಡಿದು ಕಿಡಿ ಬಿತ್ತು. ಹಾರಾಟದ ದಿನ ಗಾಳಿ ಇರಲ್ಲ, ಗಾಳಿ ಇದ್ದರೆ ಹಾರಾಟ ಇರಲ್ಲ. ಹಾಗಾಗಿ ತಂತಿಗಳು ಬಡಿದುಕೊಳ್ಳೋದನ್ನು ಹೆಲಿಕಾಪ್ಟರ್ ಯಾವತ್ತೂ ಕಣ್ಣಾರೆ ನೋಡಲ್ಲ. ತಂತಿಯ ಮೇಲಿನ ಸುಟ್ಟ ಚುಕ್ಕೆ, ಒಂದರ ಜೋಲು ಇನ್ನೊಂದಕ್ಕಿಂತ ಹೆಚ್ಚಿರೋದು, ಇಂಥ ಗುರುತುಗಳಿಂದ ಊಹೆ ಮಾಡಬೇಕು. ಬೀಚ್‌ವರ್ತ್ ಬೆಂಕಿಯಲ್ಲಿ ಮರ ಲೈನ್ ಮೇಲೆ ಬಿತ್ತು. ಲೈನಿನ ಪಕ್ಕ ಕಡಿಯಬೇಕಾದ ಅಂತರದ ಆಚೆ ಇರುವ ಎತ್ತರದ ಮರವೂ ಬಿದ್ದಾಗ ತಂತಿಗೆ ತಲುಪುತ್ತೆ. ಒಣಗಿದ ನೆತ್ತಿ, ವಾಲಿದ ಕಾಂಡ ಮೇಲಿನಿಂದ ಚೆನ್ನಾಗಿ ಕಾಣುತ್ತೆ. ಬೇರು ಕೊಳೆತದ್ದು ಕಾಣಲ್ಲ.

ಕಿಲ್‌ಮೋರ್ ಈಸ್ಟ್‌ನ ಥಿಂಬಲ್? ಹೆಲಿಕಾಪ್ಟರ್ ನಿಂತು, ಸರಿಯಾದ ಕೋನದಿಂದ, ಜೂಮ್ ಲೆನ್ಸ್ ಹಾಕಿ, ಥಿಂಬಲ್ ಅಂದರೇನು ಅಂತ ಗೊತ್ತಿರುವವರು ನೋಡಿದ್ದರೆ ಕಾಣಬಹುದಿತ್ತು. ಸುಮ್ನೆ ಲೈನ್ ಉದ್ದಕ್ಕೂ ಹಾರಿಕೊಂಡು ಹೋಗಿದ್ದರೆ ಕಾಣುತ್ತಿರಲಿಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ. ಕಂಬ ಬಂತು, ಕಂಬ ಹೋಯಿತು, ಅಷ್ಟರಲ್ಲಿ ಬೆರಳು ಗಾತ್ರದ ಜಾಗದಲ್ಲಿ ಏನು ಜಾರಿದೆ ಅಂತ ಯಾರ ಕಣ್ಣಿಗೂ ಬೀಳಲ್ಲ.

ವೇಗದ ಮಾತು ಇಲ್ಲೇ ಬರಬೇಕು. ಎಷ್ಟೋ ಕಡೆ ಹಾರಾಟದ ಗುತ್ತಿಗೆ ಕಿಲೋಮೀಟರ್ ಲೆಕ್ಕದಲ್ಲಿ ಆಗುತ್ತೆ. ಆಗ ಬೇಗ ಹಾರಿದವರಿಗೇ ಲಾಭ. ನನಗೆ ಇದು ಸರಿ ಕಾಣಲ್ಲ. ಮರಗಳ ಅಂತರ ನೋಡುವ ಹಾರಾಟ ಬೇಗ ಹೋಗಲಿ, ಅಡ್ಡಿಯಿಲ್ಲ. ಕಂಬದ ತುದಿಯ ಫಿಟ್ಟಿಂಗ್ ನೋಡುವ ಹಾರಾಟ ಕಂಬಕ್ಕೊಂದು ಲೆಕ್ಕ ಇರಬೇಕು. ಎರಡೂ ಒಂದೇ ಹಾರಾಟದಲ್ಲಿ ಆಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕ್ಯಾಲಿಫೋರ್ನಿಯಾದಲ್ಲಿ ಇದೇ ಪಾಠ ಇನ್ನೊಂದು ರೀತಿಯಲ್ಲಿ ಬಂತು. 2018ರ ನವೆಂಬರ್ 8ರ ಬೆಳಗ್ಗೆ ಪಿ.ಜಿ. ಅಂಡ್ ಇ. ಅನ್ನೋ ವಿದ್ಯುತ್ ಕಂಪನಿಯ ಕ್ಯಾರಿಬೂ–ಪಲೆರ್ಮೊ ಅನ್ನೋ 115 ಕೆ.ವಿ. ಲೈನಿನಲ್ಲಿ ಒಂದು ಕೊಕ್ಕೆ ಮುರಿಯಿತು. ಟವರಿನಿಂದ ಇನ್ಸುಲೇಟರ್ ಸರವನ್ನು ತೂಗುಹಾಕುವ ಕೊಕ್ಕೆ. 1919ರಲ್ಲಿ 56 ಸೆಂಟ್ ಕೊಟ್ಟು ಕೊಂಡದ್ದು ಅಂತ ಆಮೇಲೆ ತನಿಖೆಯಲ್ಲಿ ಹೊರಬಂತು. ಜಂಪ್, ಅಂದರೆ ಲೈನಿನ ತಂತಿಗಳನ್ನು ಜೋಡಿಸುವ ತುಂಡು ತಂತಿ, ಹೋಗಿ ಟವರಿಗೆ ತಗುಲಿ ಕಿಡಿ ಬಿತ್ತು. ಪ್ಯಾರಡೈಸ್ ಅನ್ನೋ ಊರು ಹೆಚ್ಚುಕಮ್ಮಿ ಪೂರ್ತಿ ಸುಟ್ಟುಹೋಯಿತು. 85 ಜನ ಸತ್ತರು. 2020ರಲ್ಲಿ ಕಂಪನಿ 84 ಸಾವುಗಳಿಗೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು.

ಮನೆಯ ಉಯ್ಯಾಲೆಯ ಕೊಂಡಿ ಮತ್ತು ಬಳೆ ವರ್ಷಗಳ ಮೇಲೆ ಹೇಗೆ ಸವೆಯುತ್ತೆ ನೋಡಿದ್ದೀರಲ್ವಾ? ಬಳೆಯ ಒಳಮೈ ಸವೆದು ತೆಳುವಾಗುತ್ತೆ, ಹೊರಮೈ ಮೊದಲಿನ ಹಾಗೇ ಇರುತ್ತೆ. ಆ ಕೊಕ್ಕೆಗೂ ಹಾಗೇ ಆಗಿತ್ತು. ಗಾಳಿಗೆ ಇನ್ಸುಲೇಟರ್ ಓಲಾಡಿ ಓಲಾಡಿ, ತೂಗುಹಾಕಿದ ತಗಡಿನ ತೂತೂ ಸವೆದಿತ್ತು, ಕೊಕ್ಕೆಯ ಒಳಮೈಯೂ ಸವೆದಿತ್ತು. ಸವೆದ ಜಾಗ ಮುಚ್ಚಿಕೊಂಡಿರುತ್ತೆ. ಆ ಲೈನ್ ಮೇಲೆ ಹೆಲಿಕಾಪ್ಟರ್ ವರ್ಷಾ ವರ್ಷಾ ಹಾರುತ್ತಿತ್ತು. ಆ ಥರದ ಹಾರಾಟದಲ್ಲಿ ಕಾಣುವ ದೋಷ ಅದಾಗಿರಲಿಲ್ಲ. ಟವರ್ ಹತ್ತಿ ನೋಡಬೇಕಿತ್ತು. ಆಮೇಲೆ ಕಂಪನಿ ಟವರ್ ಹತ್ತಿಸಿತು, ಡ್ರೋನ್ ಹಾರಿಸಿತು. ಈ ಪ್ರಸಂಗ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತೆ. ‘ಪ್ರತಿ ವರ್ಷ ಪೆಟ್ರೋಲಿಂಗ್ ಆಗುತ್ತಿದೆ’ ಅನ್ನೋ ಒಂದು ಸಾಲು ಎಷ್ಟು ಸುಲಭವಾಗಿ ಸಮಾಧಾನ ಕೊಟ್ಟುಬಿಡುತ್ತೆ!

ಹೆಲಿಕಾಪ್ಟರ್ ನಿಜವಾಗಿ ಗೆಲ್ಲೋದು ಲೈಡಾರ್ ಹೊತ್ತಾಗ. ಹೊಟ್ಟೆಯಡಿ ಕಟ್ಟಿದ ಯಂತ್ರ ಸೆಕೆಂಡಿಗೆ ಲಕ್ಷಗಟ್ಟಲೆ ಲೇಸರ್ ಮಿಡಿತ ಬಿಡುತ್ತೆ. ವಾಪಸ್ ಬಂದ ಬೆಳಕಿನಿಂದ ತಂತಿ, ಕಂಬ, ಮರ, ನೆಲ ಎಲ್ಲದರ ಮೂರು ಆಯಾಮದ ಚಿತ್ರ ಸಿಗುತ್ತೆ. ಯಾವ ಕೊಂಬೆ ಯಾವ ತಂತಿಯಿಂದ ಎಷ್ಟು ದೂರ ಅಂತ ಕಂಪ್ಯೂಟರ್ ಸೆಂಟಿಮೀಟರ್ ಲೆಕ್ಕದಲ್ಲಿ ಹೇಳುತ್ತೆ. ಮರ ಕಡಿಯುವ ತಂಡ ಎಲ್ಲಿಗೆ ಹೋಗಬೇಕು ಅನ್ನೋ ಪಟ್ಟಿ ತಯಾರು.

ಇಲ್ಲಿ ವಿದ್ಯಾರ್ಥಿಗಳು ಗಮನ ಕೊಡಿ. ಅಳತೆ ತಗೊಂಡದ್ದು ತಂಪಾದ ಬೆಳಗ್ಗೆ ಇರಬಹುದು. ತಂತಿ ಬೇಸಿಗೆಯ ಮಧ್ಯಾಹ್ನ ಅಲ್ಲೇ ಇರುತ್ತಾ? ಲೆಕ್ಕ ಮಾಡೋಣ. 300 ಮೀಟರ್ ಸ್ಪ್ಯಾನ್, ಉಕ್ಕಿನ ತಿರುಳಿರುವ ಅಲ್ಯುಮಿನಿಯಂ ತಂತಿ, ಜೋಲು 6 ಮೀಟರ್. ತಂತಿ 40 ಡಿಗ್ರಿ ಬಿಸಿಯಾದರೆ ಉದ್ದ ಬೆಳೆಯೋದು ಸುಮಾರು 23 ಸೆಂಟಿಮೀಟರ್. ಇಷ್ಟೇನಾ ಅನ್ನಿಸುತ್ತೆ. ಎಳೆತ ಕಡಿಮೆಯಾಗಿ ತಂತಿ ಸ್ವಲ್ಪ ಕುಗ್ಗೋದನ್ನೂ ಲೆಕ್ಕಕ್ಕೆ ಹಿಡಿದರೂ ಜೋಲು ಒಂದೂವರೆ ಮೀಟರ್ ಹತ್ತಿರ ಹೆಚ್ಚುತ್ತೆ. ಬೆಳಗ್ಗೆ ಮರಕ್ಕೂ ತಂತಿಗೂ ಒಂದೂವರೆ ಮೀಟರ್ ಅಂತರ ಇದ್ದರೆ ಮಧ್ಯಾಹ್ನ ಏನೂ ಉಳಿದಿರಲ್ಲ. ಹಾಗಾಗಿ ಹಾರಾಟದ ದಿನದ ಬಿಸಿ, ಗಾಳಿ, ಲೋಡ್ ಎಲ್ಲ ಬರೆದಿಟ್ಟು, ತಂತಿಯನ್ನು ಲೆಕ್ಕದಲ್ಲೇ ಅತಿ ಹೆಚ್ಚು ಬಿಸಿಯ ಸ್ಥಿತಿಗೆ ಇಳಿಸಿ, ಆಮೇಲೆ ಅಂತರ ನೋಡಬೇಕು. ಪಕ್ಕಕ್ಕೆ ಗಾಳಿ ತಳ್ಳಿದಾಗ ಎಷ್ಟು ದೂರ ಹೋಗುತ್ತೆ ಅನ್ನೋದನ್ನೂ ಸೇರಿಸಬೇಕು.

ಥರ್ಮಲ್ ಕ್ಯಾಮೆರಾ ಬಗ್ಗೆ ಜನಕ್ಕೆ ಬಹಳ ಮೋಹ. ಕೆಟ್ಟ ಜಾಯಿಂಟ್ ಬಿಸಿಯಾಗುತ್ತೆ, ಕ್ಯಾಮೆರಾದಲ್ಲಿ ಹೊಳೆಯುತ್ತೆ, ನಿಜ. ಆದರೆ ಬಿಸಿ ಬರೋದು ಕರೆಂಟಿನ ವರ್ಗದ ಲೆಕ್ಕದಲ್ಲಿ, ಅಂದರೆ ಕರೆಂಟ್ ಅರ್ಧವಾದರೆ ಬಿಸಿ ಕಾಲು ಭಾಗವಾಗುತ್ತೆ. 12.7 ಕೆ.ವಿ. ಲೈನಿನಲ್ಲಿ ಒಂದು 10 ಕೆ.ವಿ.ಎ. ಟಿಸಿ (ಟ್ರಾನ್ಸ್‌ಫಾರ್ಮರ್) ಪೂರ್ತಿ ಲೋಡಿನಲ್ಲೂ ಎಳೆಯೋದು 1 ಆಂಪಿಯರಿಗೂ ಕಮ್ಮಿ. ಅಂಥ ಲೈನಿನ ಕವಲಿನಲ್ಲಿ ಜಾಯಿಂಟ್ ಎಷ್ಟೇ ಕೆಟ್ಟಿದ್ದರೂ ತಣ್ಣಗೇ ಇರುತ್ತೆ. ಥರ್ಮಲ್‌ನಲ್ಲಿ ಏನೂ ಕಾಣಲಿಲ್ಲ ಅಂದ ಮಾತ್ರಕ್ಕೆ ಜಾಯಿಂಟ್ ಚೆನ್ನಾಗಿದೆ ಅಂತ ಅರ್ಥ ಅಲ್ಲ. ನಮ್ಮ ಕಡೆಯೂ ಇದು ನೆನಪಿರಲಿ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡೋದು ದಿನಕ್ಕೆ 7 ಗಂಟೆ. ಆ ಹೊತ್ತು ಬಿಟ್ಟು ಫೀಡರನ್ನು ಥರ್ಮಲ್‌ನಲ್ಲಿ ನೋಡಿದರೆ ಸಿಗೋದು ಬರೀ ಒಳ್ಳೆಯ ಸುದ್ದಿ.

ಹಾರುವವರ ಜೀವದ ಮಾತು ಆಡದೆ ಈ ವಿಷಯ ಮುಗಿಸಬಾರದು. ಹೆಲಿಕಾಪ್ಟರಿನ ಎಂಜಿನ್ ನಿಂತರೂ ಮೇಲಿನ ರೆಕ್ಕೆ ಗಾಳಿಗೆ ತಿರುಗುವಂತೆ ಮಾಡಿ ಮೆಲ್ಲಗೆ ಇಳಿಸಬಹುದು. ಅದಕ್ಕೆ ಎತ್ತರ ಇರಬೇಕು, ಇಲ್ಲವೇ ವೇಗ ಇರಬೇಕು. ಕಂಬದ ಪಕ್ಕ ನಿಧಾನವಾಗಿ ಹಾರುವವರಿಗೆ ಎರಡೂ ಇಲ್ಲ. ನಾನು ಆಗಲೇ ನಿಧಾನವಾಗಿ ಹಾರಿ ಅಂದೆ. ಆ ಮಾತಿನ ಬೆಲೆ ಇದು. ಅದಕ್ಕೇ ನಿಂತು ನೋಡುವ ಕೆಲಸವನ್ನು ಬೇಕಾದ ಕಂಬಕ್ಕಷ್ಟೇ ಇಟ್ಟುಕೊಳ್ಳಬೇಕು, ಉಳಿದದ್ದನ್ನು ಡ್ರೋನಿಗೆ ಬಿಡಬೇಕು.

ಇನ್ನೊಂದು ಅಪಾಯ ತಂತಿಯೇ. ಬೂದು ಬಣ್ಣದ ಉಕ್ಕಿನ ತಂತಿ ಒಣಗಿದ ಗುಡ್ಡದ ಎದುರು ಕಾಣೋದೇ ಇಲ್ಲ. ಅನುಭವಿ ಪೈಲಟ್‌ಗಳು ತಂತಿ ಹುಡುಕಲ್ಲ, ಕಂಬ ಹುಡುಕುತ್ತಾರೆ, ಕಂಬದ ಮೇಲಿನ ಇನ್ಸುಲೇಟರ್ ಯಾವ ದಿಕ್ಕಿಗಿದೆ ಅಂತ ನೋಡಿ ತಂತಿ ಎತ್ತ ಹೋಗಿದೆ ಅಂತ ತಿಳಿಯುತ್ತಾರೆ. ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಬ್ಯೂರೋ ಬೆಳೆಗೆ ಔಷಧಿ ಹೊಡೆಯುವ ವಿಮಾನಗಳ ಅಪಘಾತ ನೋಡಿದಾಗ, ತಂತಿಗೆ ಬಡಿದ ಪೈಲಟ್‌ಗಳಲ್ಲಿ ಹೆಚ್ಚಿನವರಿಗೆ ತಂತಿ ಅಲ್ಲಿದೆ ಅಂತ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಒಂದು ಕ್ಷಣ ಗಮನ ಬೇರೆ ಕಡೆ ಹೋಗಿತ್ತು. ಆದ್ದರಿಂದಲೇ ಪೈಲಟ್‌ಗೆ ದೋಷ ಹುಡುಕುವ ಕೆಲಸ ಕೊಡಬಾರದು. ಎಷ್ಟೋ ಹೆಲಿಕಾಪ್ಟರ್‌ಗಳ ಮೂಗಿನ ಮೇಲೂ ಕೆಳಗೂ ತಂತಿ ಕತ್ತರಿಸುವ ಉಕ್ಕಿನ ಕತ್ತರಿ ಇರುತ್ತೆ. ಒಳ್ಳೆಯದೇ, ಆದರೆ ಮುಂದಕ್ಕೆ ಸಾಕಷ್ಟು ವೇಗ ಇದ್ದಾಗ ಮಾತ್ರ ಅದು ಕೆಲಸ ಮಾಡುತ್ತೆ.

ನೆಲದ ಮೇಲಿನವರ ಯೋಚನೆಯೂ ಬೇಕು. ಕುದುರೆಗಳು ಸದ್ದಿಗೆ ಬೆದರಿ ಬೇಲಿಗೆ ನುಗ್ಗಿ ಗಾಯ ಮಾಡಿಕೊಳ್ಳುತ್ತವೆ. ಆದ್ದರಿಂದ ಆಸ್ಟ್ರೇಲಿಯಾದಲ್ಲಿ ಹಾರಾಟಕ್ಕೆ ಮುಂಚೆ ರೈತರಿಗೆ ಮೆಸೇಜ್ ಹೋಗುತ್ತೆ.

ಕಮಿಷನ್ ವರದಿಯ ನಂತರ ವಿಕ್ಟೋರಿಯಾದಲ್ಲಿ ಏನು ಬದಲಾಯಿತು? ಬೆಂಕಿ ಅಪಾಯ ಜಾಸ್ತಿ ಇರುವ ಕಡೆ ತಪಾಸಣೆಯ ಗಡುವು ಐದು ವರ್ಷದಿಂದ ಮೂರು ವರ್ಷಕ್ಕೆ ಇಳಿಯಿತು. ಈಗಿನ ನಿಯಮದಲ್ಲಿ 37 ತಿಂಗಳು ಮೀರುವ ಹಾಗಿಲ್ಲ. 300 ಮೀಟರಿಗಿಂತ ಉದ್ದದ ಸ್ಪ್ಯಾನ್‌ಗಳಿಗೆ ನಡುಕ ತಡೆಯುವ ಡ್ಯಾಂಪರ್ ಹಾಕಬೇಕು ಅಂತ ಕಮಿಷನ್ ಹೇಳಿತು. ಬೆಂಕಿ ದಿನಗಳಲ್ಲಿ ಟ್ರಿಪ್ ಆದ ಸ್ವೆರ್ ಲೈನನ್ನು ಯಂತ್ರ ತಾನೇ ಮತ್ತೆ ಚಾರ್ಜ್ ಮಾಡಬಾರದು ಅಂತಲೂ ಹೇಳಿತು. 22 ಕೆ.ವಿ. ಲೈನ್‌ಗಳಿಗೆ, 45 ಸಬ್‌ಸ್ಟೇಷನ್‌ಗಳಲ್ಲಿ, ತಂತಿ ನೆಲಕ್ಕೆ ತಗುಲಿದ ತಕ್ಷಣ ಆ ತಂತಿಯ ವೋಲ್ಟೇಜನ್ನೇ ಇಳಿಸಿಬಿಡುವ ಯಂತ್ರ ಹಾಕುವ ನಿಯಮ ಬಂತು. ಸ್ವೆರ್ ಲೈನಿಗೆ ಅದು ಕೆಲಸ ಮಾಡಲ್ಲ. ಹಾಗಾಗಿ ಅಲ್ಲಿ ಕಣ್ಣಿನ ತಪಾಸಣೆಗೆ ಇವತ್ತಿಗೂ ಅಷ್ಟೇ ಬೆಲೆ.

ಹೆಲಿಕಾಪ್ಟರ್ ನೋಡಲಾಗದ ಒಂದು ಜಾಗ ಕಂಬದ ಬುಡ. 2018ರ ಮಾರ್ಚ್‌ನಲ್ಲಿ ಪಶ್ಚಿಮ ವಿಕ್ಟೋರಿಯಾದ ದಿ ಸಿಸ್ಟರ್ಸ್ ಹತ್ತಿರ, ಒಳಗಿನಿಂದ ಹಾಳಾಗಿದ್ದ ಮರದ ಕಂಬ ಗಾಳಿಗೆ ಮುರಿದು ಬೆಂಕಿ ಹೊತ್ತಿತು. ಅಂಥದ್ದಕ್ಕೆ ಬುಡ ಅಗೆದು, ಸುತ್ತಿಗೆಯಲ್ಲಿ ಬಡಿದು, ಡ್ರಿಲ್ ಹಾಕಿ ನೋಡಬೇಕು. ಅದನ್ನು ಮಾಡೋದು ನೆಲದ ಮೇಲಿನ ಮನುಷ್ಯರೇ.

ಇನ್ನು ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿ: ‘ಸರ್, ಡ್ರೋನ್ ಬಂದ ಮೇಲೆ ಹೆಲಿಕಾಪ್ಟರ್ ಯಾಕೆ ಬೇಕು?’

ಒಂದು ಕಂಬವನ್ನು ಸುತ್ತಿ ಸುತ್ತಿ ನೋಡಲು ಡ್ರೋನ್‌ಗಿಂತ ಒಳ್ಳೆಯದು ಇಲ್ಲ. ಯಾರ ಜೀವಕ್ಕೂ ಅಪಾಯ ಇಲ್ಲ. ಆದರೆ ಬ್ಯಾಟರಿ ಬೇಗ ಮುಗಿಯುತ್ತೆ, ಕಣ್ಣಳತೆಯ ಆಚೆ ಹಾರಿಸಲು ಹೆಚ್ಚಿನ ದೇಶಗಳಲ್ಲಿ ಬೇರೆ ಅನುಮತಿ ಬೇಕು. ಉದ್ದನೆಯ ಲೈನಿನ ಲೈಡಾರ್‌ಗೆ ಹೆಲಿಕಾಪ್ಟರ್, ಅದು ಬೊಟ್ಟು ಮಾಡಿದ ಕಂಬಗಳಿಗೆ ಡ್ರೋನ್. ನಾನಾದರೆ ಹಾಗೆ ಹಂಚುತ್ತೇನೆ.

‘ನಮ್ಮ 11 ಕೆ.ವಿ. ಲೈನಿಗೆ ಹೆಲಿಕಾಪ್ಟರ್ ತರಬೇಕು ಅಂತೀರಾ?’

ಇಲ್ಲ. ನಮ್ಮ ಹಳ್ಳಿ ಲೈನ್‌ಗಳು ಊರಿನ ನಡುವೆ, ಗದ್ದೆಯ ನಡುವೆ ಹೋಗುತ್ತವೆ. ಬೈಕಿನಲ್ಲಿ ಹೋದರೆ ಕಂಬದ ಬುಡಕ್ಕೇ ಹೋಗಬಹುದು. ಕಬ್ಬಿನ ಗದ್ದೆಯ ಮೇಲೆ ಜೋತುಬಿದ್ದ ತಂತಿ ಹುಡುಕಲು ಹೆಲಿಕಾಪ್ಟರ್ ಬೇಕಾಗಿಲ್ಲ, ರೈತರೇ ಬಂದು ಹೇಳುತ್ತಾರೆ. ಹೇಳಿದ್ದನ್ನು ಬರೆದುಕೊಳ್ಳಬೇಕು ಅಷ್ಟೇ. ಕಂಬದ ತುದಿಗೆ ಒಂದು ಸಣ್ಣ ಡ್ರೋನ್ ಸಾಕು. ಹೆಲಿಕಾಪ್ಟರ್‌ಗೆ ನಮ್ಮಲ್ಲಿ ಕೆಲಸ ಇರೋದು ಘಟ್ಟದಲ್ಲಿ. ಕೈಗಾದಿಂದ, ಶರಾವತಿಯಿಂದ ಹೊರಡುವ ಹೈಟೆನ್ಷನ್ ಲೈನ್‌ಗಳು ದಟ್ಟ ಕಾಡಿನಲ್ಲಿ ಹಾದುಬರುತ್ತವೆ. ಮಳೆಗಾಲದಲ್ಲಿ ಕೆಲವು ಟವರ್ ತಲುಪೋದೇ ಒಂದು ದಿನದ ಕೆಲಸ. ದೇಶದಲ್ಲಿ ಪವರ್‌ಗ್ರಿಡ್ ಸಂಸ್ಥೆ ಹೆಲಿಕಾಪ್ಟರ್ ಪೆಟ್ರೋಲಿಂಗ್ ಮಾಡಿದ್ದೂ ಇಂಥ ದೊಡ್ಡ ಲೈನ್‌ಗಳಿಗೇ.

ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಲೈನ್‌ಮ್ಯಾನ್ ಕೇಳಿದರು: ‘ನಾವು ಬರೆದು ಕೊಡ್ತೀವಿ ಸಾರ್. ಕೆಲಸ ಆಗಲ್ಲ. ಮುಂದಿನ ಸಲ ಹೋದ್ರೆ ಅದೇ ಹಳೇ ಬೈಂಡಿಂಗ್ ಅಲ್ಲೇ ಇರುತ್ತೆ. ಅದಕ್ಕೇನ್ ಮಾಡೋದು?’

ಅಣ್ಣಾ, ಇವತ್ತಿನ ಎಲ್ಲ ಪ್ರಶ್ನೆಗಳಲ್ಲಿ ಇದೇ ಗಟ್ಟಿ ಪ್ರಶ್ನೆ. ಬರೆಯುವಾಗ ‘ಲೈನ್ ಸರಿಯಿಲ್ಲ’ ಅಂತ ಬರೆಯಬೇಡಿ. ಕಂಬದ ನಂಬರ್ ಹಾಕಿ, ಏನು ಸಡಿಲವಾಗಿದೆ ಅಂತ ಹೆಸರು ಹಿಡಿದು ಬರೆಯಿರಿ, ಹತ್ತಿರದ ಫೋಟೋ ಇಡಿ, ಎಷ್ಟು ದಿನದಲ್ಲಿ ಆಗಬೇಕು ಅಂತ ನೀವೇ ಹೇಳಿ. ಎಂಜಿನಿಯರ್ ಆದವರು ಆ ಗಡುವನ್ನು ಒಪ್ಪಬೇಕು, ಇಲ್ಲದಿದ್ದರೆ ಯಾಕೆ ಒಪ್ಪಲ್ಲ ಅಂತ ಬರೆದು ಸಹಿ ಹಾಕಬೇಕು. ಗಡುವು ಮೀರಿದ ಕಂಬಗಳ ಪಟ್ಟಿ ಪ್ರತಿ ತಿಂಗಳು ಮೇಲಿನವರ ಮೇಜಿಗೆ ಹೋಗಬೇಕು. ಕೆಲಸ ಮುಗಿದ ಮೇಲೆ ಅದೇ ಕೋನದಿಂದ ಇನ್ನೊಂದು ಫೋಟೋ ತೆಗೆದು ಮೊದಲನೆಯದರ ಪಕ್ಕ ಇಡಬೇಕು. ಆ ಎರಡನೇ ಫೋಟೋ ಬರುವ ತನಕ ತಪಾಸಣೆ ಮುಗಿಯಿತು ಅಂತ ಲೆಕ್ಕ ಹಾಕಬೇಡಿ.